ಕೆಂಪು ಟೋಪಿಯ ತಂಡ

ನನಗೆ ಹನ್ನೊಂದು ವರ್ಷವಾಗಿದ್ದಾಗ ನಾವು ಕುವೈತಿನ ಅಹ್ಮದಿಯಲ್ಲಿ, ತೈಲ ಕಂಪನಿ ಕೊಟ್ಟ ಮನೆಯಲ್ಲಿದ್ದೆವು. ಅಪ್ಪ ಅಲ್ಲಿನ ವರ್ಕ್‌ಶಾಪಿನಲ್ಲಿ ಟೆಕ್ನಿಷಿಯನ್. ಅವರ ಸೂಪರ್‌ವೈಸರ್ ಒಬ್ಬ ಅಮೆರಿಕನ್. ಆತನ ಹೆಂಡತಿ ಊರಿನಿಂದ ಕಳಿಸುತ್ತಿದ್ದ ಪಾರ್ಸೆಲ್‌ಗಳಲ್ಲಿ ಬೇಸ್‌ಬಾಲ್ ಕಾರ್ಡುಗಳ ಪೊಟ್ಟಣಗಳಿರುತ್ತಿದ್ದವು. ಒಂದು ಕಡೆ ಆಟಗಾರನ ಬಣ್ಣದ ಫೋಟೊ, ಹಿಂದೆ ಸಣ್ಣ ಅಕ್ಷರದಲ್ಲಿ ಅವನ ಆಟದ ಅಂಕಿಅಂಶ. ತನ್ನ ಬಳಿ ಎರಡೆರಡಾದ ಕಾರ್ಡುಗಳನ್ನು ಆತ ಅಪ್ಪನಿಗೆ ಕೊಡುತ್ತಿದ್ದ.

ಆ ಆಟವನ್ನು ನಾನೂ ನೋಡಿರಲಿಲ್ಲ, ಅಪ್ಪನೂ ನೋಡಿರಲಿಲ್ಲ. ಆದರೂ ಕೆಂಪು ಟೋಪಿ ಹಾಕಿದ ತಂಡ ನನ್ನದು ಎಂದು ಆರಿಸಿಕೊಂಡಿದ್ದೆ. ಅಪ್ಪ ಕೆಲಸದಿಂದ ಬಂದು ಷೂ ಬಿಚ್ಚುವಾಗ ಅವರ ಅಂಗಿಯ ಜೇಬಿಗೆ ಕೈ ಹಾಕುವ ಹಕ್ಕು ನನ್ನೊಬ್ಬಳದೇ. ಕೆಂಪು ಟೋಪಿಯವರು ಸಿಕ್ಕರೆ ಫೋಟೊ ಆಲ್ಬಮ್ಮಿನಲ್ಲಿ ಸೇರಿಸುತ್ತಿದ್ದೆ: ಮೀಸೆಯವರು ಒಂದು ಪುಟ, ಮೀಸೆ ಇಲ್ಲದವರು ಇನ್ನೊಂದು ಪುಟ. ಅಪ್ಪ ಪಕ್ಕದಲ್ಲಿ ಕೂತು ಒಬ್ಬೊಬ್ಬರ ಮುಖ ನೋಡಿ ನಮ್ಮ ನೆಂಟರ ಹೆಸರಿಡುತ್ತಿದ್ದರು. ದಿನದಲ್ಲಿ ಅಪ್ಪ ಪೂರ್ತಿಯಾಗಿ ನನಗೆ ಸಿಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಆ ವರ್ಷ ನನ್ನ ಚಿಕ್ಕಮ್ಮನಿಗೆ ಕುವೈತಿನದೇ ಇನ್ನೊಂದು ಊರಾದ ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ ಸಿಕ್ಕಿತು. ಚಿಕ್ಕಪ್ಪ ಮೈಸೂರಿನಲ್ಲೇ ಉಳಿದರು. ಚಿಕ್ಕಮ್ಮನಿಗೆ ಶಿಫ್ಟ್ ಡ್ಯೂಟಿ, ಹಾಸ್ಟೆಲ್ ವಾಸ. ಹಾಗಾಗಿ ಅವರ ಮಗಳು ನಮ್ಮ ಮನೆಯಲ್ಲಿದ್ದು ನನ್ನ ಶಾಲೆಗೇ ಬರುವುದೆಂದು ತೀರ್ಮಾನವಾಯಿತು. ಅವಳು ನನಗಿಂತ ಐದು ತಿಂಗಳಿಗೆ ಚಿಕ್ಕವಳು. ಬಂದ ದಿನ ನನ್ನ ಮಂಚದ ಪಕ್ಕ ಅವಳಿಗೊಂದು ಮಂಚ ಬಂತು. ಅದೇನೂ ನನಗೆ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಅಪ್ಪ ಜೇಬಿನಿಂದ ಕಾರ್ಡುಗಳನ್ನು ತಾವೇ ತೆಗೆದು, "ಇಬ್ಬರೂ ಬನ್ನಿ, ಆಳಿಗೆ ಎರಡೆರಡು" ಎಂದ ದಿನ.

ಅವಳು ಫೋಟೊ ನೋಡಲಿಲ್ಲ, ಕಾರ್ಡನ್ನು ತಿರುಗಿಸಿದಳು. ಬೆರಳಿಟ್ಟು ಅಂಕಿಗಳನ್ನು ಓದಿದಳು. ಎರಡು ದಿನ ನೋಟ್‌ಬುಕ್ಕಿನಲ್ಲಿ ಏನೋ ಗುಣಿಸಿ ಭಾಗಿಸಿ, ಮೂರನೆಯ ದಿನ ಅಪ್ಪನ ಮುಂದೆ ನಿಂತಳು.

"ದೊಡ್ಡಪ್ಪ, ಇದು ಅರ್ಥ ಆಯ್ತು. ಇವನು ಹತ್ತು ಸಲ ಬ್ಯಾಟ್ ಹಿಡ್ಕೊಂಡು ಬಂದ್ರೆ ಮೂರು ಸಲ ಸರಿಯಾಗಿ ಹೊಡೀತಾನೆ. ಅಷ್ಟಕ್ಕೇ ಇವನು ದೊಡ್ಡ ಆಟಗಾರ."

ಅಪ್ಪ ಕನ್ನಡಕ ಹಾಕಿಕೊಂಡರು. "ಎಲ್ಲಿ ತೋರ್ಸು," ಎಂದು ಅವಳನ್ನು ಸೋಫಾದ ಮೇಲೆ ಪಕ್ಕಕ್ಕೆ ಕೂರಿಸಿಕೊಂಡರು. ಅದು ನಾನು ಕೂರುತ್ತಿದ್ದ ಜಾಗ.

ಆಮೇಲೆ ಸಂಜೆಗಳು ಅವರಿಬ್ಬರದಾದವು. ನೆಂಟರ ಹೆಸರುಗಳು ನಿಂತುಹೋದವು. ಅವಳು ಕೇಳುವ ಪ್ರಶ್ನೆಗಳನ್ನು ಅಪ್ಪ ವರ್ಕ್‌ಶಾಪಿಗೆ ಒಯ್ದು ಸೂಪರ್‌ವೈಸರನನ್ನು ಕೇಳಿಕೊಂಡು ಬರುತ್ತಿದ್ದರು. ಕೆಂಪು ಟೋಪಿಯ ಕ್ಯಾಚರ್, ಎಂದರೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವನು, ಅವಳ ಪಾಲಿಗೆ ಹೋಗಿದ್ದ. ನನ್ನ ಆಲ್ಬಮ್ಮಿನಲ್ಲಿ ಅವನೊಬ್ಬನೇ ಇರಲಿಲ್ಲ. ನನ್ನ ನಾಲ್ಕು ಕಾರ್ಡು ಕೊಡುತ್ತೇನೆ, ಅವನನ್ನು ಕೊಡು ಎಂದೆ.

"ನಾಲ್ಕು ಯಾಕೆ? ಸುಮ್ನೆ ತಗೋ," ಎಂದು ಕೈಗಿಟ್ಟಳು.

ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಅಷ್ಟು ಸಲೀಸಾಗಿ ಬಂದ ಕಾರ್ಡನ್ನು ಆಲ್ಬಮ್ಮಿಗೆ ಸೇರಿಸಲು ಮನಸ್ಸಾಗದೆ ಅಟ್ಲಾಸಿನ ಒಳಗಿಟ್ಟುಬಿಟ್ಟೆ.

ಒಂದು ಗುರುವಾರ ಅಪ್ಪ, ನಾಳೆ ಅಮೆರಿಕನ್ನರು ಮೈದಾನದಲ್ಲಿ ಆಡುತ್ತಾರಂತೆ, ಕಾರ್ಡಿನ ಹುಚ್ಚಿನ ಹುಡುಗಿಯನ್ನು ಕರೆತರಲು ಸೂಪರ್‌ವೈಸರ್ ಹೇಳಿದ್ದಾನೆ ಎಂದರು. ನಾನು ಶುಕ್ರವಾರ ಅಮ್ಮ ಎಬ್ಬಿಸುವ ಮೊದಲೇ ಎದ್ದು ಹೊಸ ಫ್ರಾಕ್ ಹಾಕಿಕೊಂಡೆ. ಅಪ್ಪ ಕಾರಿನ ಕೀ ಹಿಡಿದು, "ಯಲ್ಲಾ, ನಡೀರಿ, ಇಬ್ಬರೂ ಹತ್ತಿ," ಎಂದರು.

ಮರಳಿನ ಮೇಲೆ ಸುಣ್ಣದ ಗೆರೆ ಎಳೆದ ಮೈದಾನ ಅದು. ಬಿಸಿಲಿಗೆ ಕೆಂಪಾದ ಎತ್ತರದ ಸೂಪರ್‌ವೈಸರ್ ನಮ್ಮಿಬ್ಬರನ್ನೂ ನೋಡಿ, ಮೈದಾನದಲ್ಲಿದ್ದ ಒಬ್ಬನನ್ನು ತೋರಿಸಿ, ನಿಮ್ಮಲ್ಲಿ ಯಾರಿಗೆ ಗೊತ್ತು, ಆ ಆಟಗಾರ ಅಲ್ಲೇಕೆ ನಿಂತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅವಳ ಮುಖ ನೋಡುತ್ತಿದ್ದರು. ಅವಳು ಅದಕ್ಕೂ ಉತ್ತರಿಸಿದಳು, ಆಮೇಲೆ ಕೇಳಿದ ಎಲ್ಲಕ್ಕೂ ಉತ್ತರಿಸಿದಳು. ಆತ ನಕ್ಕು, ತನ್ನ ಬ್ಯಾಗಿನಿಂದ ಹೊಸದೊಂದು ಕೆಂಪು ಟೋಪಿ ತೆಗೆದು ಅವಳ ತಲೆಗಿಟ್ಟ. ನನಗೆ ಪೆಪ್ಸಿ ಕ್ಯಾನ್ ಕೊಟ್ಟ.

ವಾಪಸ್ಸು ಬರುವಾಗ ಅಪ್ಪ ಕನ್ನಡಿಯಲ್ಲಿ ಅವಳನ್ನು ನೋಡುತ್ತಾ, "ದೊಡ್ಡಪ್ಪನ ಮರ್ಯಾದೆ ಉಳಿಸಿಬಿಟ್ಟೆ ಕಣಮ್ಮ," ಎಂದರು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ.

ಚಿಕ್ಕಮ್ಮ ಡ್ಯೂಟಿ ಮುಗಿದ ಮೇಲೆ ದಿನಾ ಫೋನ್ ಮಾಡುತ್ತಿದ್ದರು. ಮರುದಿನ ಫೋನ್ ಎತ್ತಿದ್ದು ನಾನು. ಅಮ್ಮ ಅಡುಗೆಮನೆಯಲ್ಲಿದ್ದರು, ಅವಳು ಸ್ನಾನಕ್ಕೆ ಹೋಗಿದ್ದಳು.

"ಹೇಗಿದ್ದಾಳಮ್ಮ ನಮ್ಮವಳು?"

"ದಿನಾ ಅಳ್ತಾಳೆ ಚಿಕ್ಕಮ್ಮ. ನೀವೇ ಬೇಕಂತೆ. ನಿಮಗೆ ಹೇಳಬಾರದು ಅಂತ ನನ್ನ ಹತ್ರ ಪ್ರಾಮಿಸ್ ಮಾಡಿಸ್ಕೊಂಡಿದ್ದಾಳೆ."

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಅಳುವುದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಚಿಕ್ಕಮ್ಮ, "ಸರಿ ಕಂದ, ನೀನು ಹೇಳಿದ್ದು ಒಳ್ಳೇದಾಯ್ತು," ಎಂದು ಫೋನಿಟ್ಟರು.

ತಿಂಗಳೊಳಗೆ ಅವರು ಹಾಸ್ಟೆಲ್ ಬಿಟ್ಟು ಜಹ್ರಾದಲ್ಲಿ ಒಂದು ಕೋಣೆ ಹಿಡಿದು, ಹಗಲಿನ ಡ್ಯೂಟಿ ಕೇಳಿ ಪಡೆದು, ಮಗಳನ್ನು ಕರೆದೊಯ್ಯಲು ಬಂದರು. ಅಮ್ಮನಿಗೆ ಅವಮಾನವಾಗಿತ್ತು. "ನಾವೇನು ಕಡಿಮೆ ಮಾಡಿದ್ವಿ ಹೇಳು," ಎಂದು ತಂಗಿಯನ್ನು ಮತ್ತೆ ಮತ್ತೆ ಕೇಳಿದರು. ಅಪ್ಪ ಅವಳನ್ನು ಹತ್ತಿರ ಕರೆದು, "ಇಲ್ಲಿ ಅಳ್ತಿದ್ದೆಯಾ ಮಗಳೇ?" ಎಂದರು.

ಅವಳು ನೆಲ ನೋಡುತ್ತಾ ಹೌದೆಂದು ತಲೆಯಾಡಿಸಿದಳು. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಒಳ್ಳೆಯವಳಾಗುವುದರಲ್ಲೂ ನನ್ನನ್ನು ಮೀರಿಸಿದಳಲ್ಲ ಎಂದು ಇನ್ನಷ್ಟು ಉರಿಯಿತು.

ಅವಳು ಹೋದ ಮೇಲೆ ಕಾರ್ಡುಗಳೆಲ್ಲ ನನ್ನವೇ ಆದವು. ಆದರೆ ಅಪ್ಪ ನನಗೆ ಕೊಡುವ ಮೊದಲು ಜಹ್ರಾಕ್ಕೆ ಫೋನ್ ಮಾಡಿ, ಹಿಂಬದಿಯ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೈ ಚಾಚಿ ನಿಂತಿರುತ್ತಿದ್ದೆ. ಆ ಬೇಸಿಗೆಯಲ್ಲಿ ಸೂಪರ್‌ವೈಸರ್ ಊರಿಗೆ ಹೊರಟುಹೋದ. ಕಾರ್ಡುಗಳು ನಿಂತವು, ಫೋನ್ ನಿಲ್ಲಲಿಲ್ಲ.

ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಕಳೆದಿತ್ತು. ನಮ್ಮಿಬ್ಬರಿಗೂ ಮದುವೆಯಾಗಿ, ಇಬ್ಬರೂ ಕುವೈತಿನಲ್ಲೇ ಇದ್ದೆವು. ಅಪ್ಪ ಅಮ್ಮ ಮೈಸೂರಿಗೆ ಮರಳಿದ್ದರು. ಎಗೈಲಾದ ಒಂದು ಮಾಲ್‌ನಲ್ಲಿ ಅವಳ ಮಗಳಿಗೆ ಶಾಲೆಯ ಷೂ ಕೊಂಡು ಕಾಫಿಗೆ ಕೂತಿದ್ದೆವು. ಅವಳು ಇದ್ದಕ್ಕಿದ್ದಂತೆ, "ಆಗ ಅಮ್ಮನಿಗೆ ಹೇಳಿದ್ದು ನೀನೇ ಅಂತೆ. ಥ್ಯಾಂಕ್ಸ್ ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡಿದ್ದೆ," ಎಂದಳು.

"ಯಾಕೆ?"

"ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ಯಾರಿಗೂ ಕೇಳ್ಸಲ್ಲ ಅಂದ್ಕೊಂಡಿದ್ದೆ. ನೀನು ಕೇಳಿಸ್ಕೊಂಡಿದ್ದೆ."

ಅವಳೇ ಮುಂದುವರಿಸಿದಳು. "ಬೇಸ್‌ಬಾಲ್ ನನಗೇನು ಇಷ್ಟ ಇತ್ತು ಅನ್ಕೊಂಡ್ಯಾ? ಬೇರೆಯವರ ಮನೇಲಿ ಇದ್ದೀನಿ, ದೊಡ್ಡಪ್ಪನಿಗೆ ಬೇಡ ಅನ್ನಿಸ್ಬಾರ್ದು ಅಂತ ಕಲಿತೆ."

ಆಗ ಹೇಳಿಬಿಟ್ಟೆ. "ನಾನು ಏನೂ ಕೇಳಿಸ್ಕೊಂಡಿರ್ಲಿಲ್ಲ. ನಿನ್ನ ಕಳಿಸ್ಬೇಕು ಅಂತ ಸುಳ್ಳು ಹೇಳಿದ್ದು."

ಅವಳು ಕಪ್ ಕೆಳಗಿಟ್ಟು ನನ್ನನ್ನು ನೋಡಿದಳು. "ಹೌದಾ," ಎಂದಳು, ಅಷ್ಟೇ. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಮೈಸೂರಿನಿಂದ ನನ್ನ ಅಪ್ಪ. ನನಗೆ ಭಾನುವಾರ ಮಾತ್ರ ಫೋನ್ ಮಾಡುತ್ತಾರೆ, ಅವತ್ತು ಮಂಗಳವಾರ. ಅವಳು ನನ್ನ ಮುಖವನ್ನೇ ನೋಡುತ್ತಾ, "ಹೇಳಿ ದೊಡ್ಡಪ್ಪ," ಎಂದಳು.