ದಾರ್-ಎಸ್-ಸಲಾಮಿಗೆ ಉಣ್ಣೆ ಕೋಟು

ಮೂವತ್ತೊಂದನೆಯ ಕೋಟಿನ ಜೇಬು ತಡಕಿ, ಒಳಗಿದ್ದ ಹಳೆಯ ರೈಲು ಟಿಕೆಟ್ಟನ್ನು ಕಸಕ್ಕೆಸೆದು ಜಾಹಿದಾ ಕೋಟು ಮಡಚುತ್ತಾರೆ. ನ್ಯೂಜರ್ಸಿಯ ಸೀಕಾಕಸ್‌ನ ಗೋದಾಮಿನಲ್ಲಿ ಬೆಳಗಿನ ಐದೂಮುಕ್ಕಾಲು. ಹೊರಗೆ ೨೦೧೦ರ ಜನವರಿಯ ಹಿಮ ಕಲ್ಲಾಗಿದೆ. ಖರ್ಚು ಕಡಿಮೆ ಮಾಡಲು ಹೀಟರ್ ನಿಲ್ಲಿಸಿ ತಿಂಗಳಾಯಿತು. ಕೋಟುಗಳು ಹೊರಟಿರುವುದು ಟಾಂಜಾನಿಯಾದ ದಾರ್-ಎಸ್-ಸಲಾಮಿಗೆ, ರಾತ್ರಿಯೂ ಬೆವರಿಳಿಯುವ ಕಡಲೂರಿಗೆ.

"ಇಲ್ಲಿ ನಾನು ಗಡಗಡ ನಡುಗ್ತಾ, ಅಲ್ಲಿ ಸೆಖೇಲಿ ಬೇಯೋರಿಗೆ ಕೋಟು ಕಟ್ತಿದೀನಿ. ಯಾರ ತಲೆ ಕೆಟ್ಟಿದೆ, ನೀವೇ ಹೇಳಿ."

ಮೈಸೂರಿನ ಮಂಡಿ ಮೊಹಲ್ಲಾದ ಜಾಹಿದಾಗೆ ಐವತ್ತೆರಡು. ಗಂಡ ಫಾರೂಕ್ ಲೆಕ್ಕ ಬರೆಯುತ್ತಿದ್ದ ಮ್ಯಾನ್‌ಹಟನ್ನಿನ ಕಂಪನಿ ೨೦೦೮ರ ಕೊನೆಗೆ ಬಾಗಿಲು ಹಾಕಿತು. ೨೦೦೯ರ ಹೊಸ ವರ್ಷಕ್ಕೆ ಜಾಹಿದಾ, ಬಡದೇಶಗಳಿಗೆ ಸಾಮಾನು ಕಳಿಸುವ ಒಂದು ಚರ್ಚಿನ ಮಿಷನ್ ಸಮಿತಿಯ ಪ್ಯಾಕಿಂಗ್ ಕೆಲಸಕ್ಕೆ ಸೇರಿದರು. "ನಮ್ಮ ಹೆಂಗಸು ಚರ್ಚಲ್ಲಿ ಕೆಲಸಾನಾ ಅಂದ್ರು ನೆಂಟರು. ಬಾಡಿಗೆ ನೀವು ಕಟ್ತೀರಾ ಅಂದೆ."

ದಿನಕ್ಕೆ ನಲವತ್ತು ಪೆಟ್ಟಿಗೆ. ಸೊಂಟಕ್ಕೆ ಬೆಲ್ಟು, ಬೆರಳ ತುದಿಯಲ್ಲಿ ಟೇಪಿನ ಗಾಯ. ಪೆಟ್ಟಿಗೆಯ ಪಟ್ಟಿ ಬರೆಯುವವರೂ, ದೂರದ ಪತ್ರಗಳನ್ನು ಮೊದಲು ಓದುವವರೂ ಇವರೇ.

ದಾರ್-ಎಸ್-ಸಲಾಮಿನ ಅಂಚಿನ ಚರ್ಚಿನಿಂದ ನೀಮಾ ಎಂಬಾಕೆ ಮೂರು ಪತ್ರ ಬರೆದಿದ್ದಾರೆ. ಐದು ವರ್ಷದ ಹಿಂದೆ ಗೋಡಂಬಿ ತೋಪಿದ್ದ ಜಾಗದಲ್ಲಿ ಈಗ ಕಣ್ಣು ಹಾಯುವಷ್ಟು ದೂರ ತಗಡಿನ ಮನೆಗಳು. ತಾಯಂದಿರು ಮಕ್ಕಳನ್ನು ಒಳಗಿಟ್ಟು ಬೀಗ ಹಾಕಿ, ನಸುಕಿಗೇ ಮೀನು ಮಾರುಕಟ್ಟೆಗೆ ಹೊರಡುತ್ತಿದ್ದರು. ಅದನ್ನು ನೋಡಲಾರದೆ ಚರ್ಚು ತನ್ನ ಪ್ರಾರ್ಥನೆಯ ಕೋಣೆಯನ್ನೇ ಶಿಶುವಿಹಾರ ಮಾಡಿತು. ಅರವತ್ತು ಮಕ್ಕಳು, ಎಲ್ಲರೂ ನೆಲದ ಮೇಲೆ. ಮಾರ್ಚಿನ ಮಳೆಗೆ ಆ ನೆಲದಲ್ಲಿ ನೀರು ಉಕ್ಕುತ್ತದೆ. ಹೋದ ವರ್ಷ ಎರಡು ತಿಂಗಳು ಮುಚ್ಚಬೇಕಾಯಿತು. ಮಕ್ಕಳು ಮತ್ತೆ ಬೀಗದೊಳಗೆ. ನೀಮಾ ಕೇಳಿದ್ದು ಪುಟ್ಟ ಕುರ್ಚಿಗಳನ್ನು. ಎರಡನೆಯ ಪತ್ರದ ಕೊನೆಗೆ, ಕೋಟು ಬೇಡ, ದಯವಿಟ್ಟು.

ಸಮಿತಿಯ ಅಧ್ಯಕ್ಷೆ ಮಿಸ್ ಅಗ್ನೆಸ್ ಆಫ್ರಿಕಾ ನೋಡಿದ್ದು ೧೯೬೧ರಲ್ಲಿ. ಅವರು ತೆಗೆದ ಫೋಟೋ ಗೋದಾಮಿನ ಗೋಡೆಯಲ್ಲಿದೆ: ಒಂದು ಗುಡಿಸಲು, ಒಂದು ಮರ. "ಹಳ್ಳಿ ಮಕ್ಕಳಿಗೆ ನೆಲವೇ ಖುಷಿ, ಡಿಯರ್ ಅಂತಾರೆ. ಹಳ್ಳಿ ಅಲ್ಲ ಮೇಡಂ, ಜರ್ಸಿ ಸಿಟಿಯಂಥವು ಹತ್ತು ಹಿಡಿಸೋ ಊರು ಅಂದೆ. ನಕ್ಕು ಬಿಸ್ಕತ್ತು ಕೊಟ್ರು!"

ಧಾರವಾಡದ ವಿಜಿ ಚರ್ಚಿನ ವ್ಯಾನನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಾರೆ. ಕೆಲಸದಿಂದ ಲೇಆಫ್ ಆಗುವವರೆಗೆ ಅವರು ಎಂಜಿನಿಯರ್. ವ್ಯಾನಿನ ತುಂಬ ಕೆಂಪು, ಹಳದಿ ಪುಟ್ಟ ಕುರ್ಚಿಗಳು. ಕೆಲಸ ಕಳೆದುಕೊಂಡ ಕುಟುಂಬಗಳು ಊರು ಬಿಟ್ಟ ಮೇಲೆ ಇಲ್ಲಿನ ಚರ್ಚಿನ ಭಾನುವಾರದ ಶಾಲೆ ಮುಚ್ಚಿದೆ. ಅದು ನಡೆಯುತ್ತಿದ್ದ ನೆಲಮಾಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದಾರೆ.

"ಅರವತ್ನಾಕು ಅದಾವ್ರೀ ಅಕ್ಕಾರ. ಡಂಪ್‌ಸ್ಟರ್‌ಗೆ ಒಗಿ ಅಂದಾರ, ನಮ್ ಮ್ಯಾನೇಜರ್ ನನ್ನ ಒಗದಂಗ."

"ಕೋಟು ಆಫ್ರಿಕಾಕ್ಕೆ, ಕುರ್ಚಿ ಕಸಕ್ಕೆ."

"ಮತ್ತ ನಮಗ?"

"ನಮಗೆ ಟೇಪು!"

ಈ ಕುರ್ಚಿಗಳನ್ನು ನೀಮಾಗೆ ಕಳಿಸೋಣವೇ ಎಂದು ಜಾಹಿದಾ ನಿನ್ನೆಯೇ ಫೋನ್ ಮಾಡಿ ಕೇಳಿದ್ದರು. ಪಟ್ಟಿ ಪಾಸಾಗಿದೆ ಡಿಯರ್, ಕಂಟೇನರಿನಲ್ಲಿ ಜಾಗವಿಲ್ಲ ಎಂದರು ಮಿಸ್ ಅಗ್ನೆಸ್. ಕಂಟೇನರಿನ ಬಾಗಿಲಿಗೆ ಒಂಬತ್ತಕ್ಕೆ ಸೀಲು. ಹಡಗಿಗೆ ಏಳು ವಾರ. ಸಮಿತಿಯ ಬಳಿ ಹಣ ಮುಗಿದಿದೆ. ಇದರ ಹಿಂದೆ ಇನ್ನೊಂದು ಕಂಟೇನರಿಲ್ಲ.

ಏನಾದರೂ ಆಸೆಯಿದೆಯೇ ಎಂದರೆ, "ನೀಮಾ ಒಂದು ಫೋಟೋ ಕಳಿಸಲಿ. ಮಳೆಗಾಲದ್ದು. ಮಕ್ಕಳ ಕಾಲು ಒಣಗಿರ್ಬೇಕು" ಎನ್ನುತ್ತಾರೆ.

ಮೂವತ್ತೆರಡನೆಯ ಕೋಟು ಪೆಟ್ಟಿಗೆಗೆ ಹೋಗುವುದಿಲ್ಲ. ಕಟ್ಟಿದ ಕೋಟುಗಳೂ ಬದಿಗೆ ಸರಿಯುತ್ತವೆ. ಬುಧವಾರ ಚರ್ಚಿನ ಬಾಗಿಲಲ್ಲಿ ಬಿಸಿ ಸೂಪಿಗೆ ಸಾಲು ನಿಲ್ಲುವವರಲ್ಲಿ ಅರ್ಧ ಜನಕ್ಕೆ ಕೋಟಿಲ್ಲ. ಜಾಹಿದಾ ಪೆನ್ನು ತೆಗೆಯುತ್ತಾರೆ. ಪಟ್ಟಿಯನ್ನು ಯಾರೂ ಓದುವುದಿಲ್ಲ ಎಂಬುದು ಒಂದು ವರ್ಷದಲ್ಲಿ ಅವರು ಕಲಿತ ವಿದ್ಯೆ. ಕೋಟಿನ ಸಾಲನ್ನು ಹೊಡೆದುಹಾಕಿ, ಕುರ್ಚಿ, ಅರವತ್ತನಾಲ್ಕು ಎಂದು ಬರೆಯುತ್ತಾರೆ.

"ಏನ್ ಬರಿಯಾಕತ್ತೀರಿ?"

"ಏನಿಲ್ಲ, ನೀವು ಏನೂ ನೋಡಿಲ್ಲ. ಕುರ್ಚಿ ಇಳಿಸಿ ಹೋಗಿ, ಉಳಿದಿದ್ದು ನಾನು ನೋಡ್ಕೋತೀನಿ. ಕಾಫಿ ತಗೊಂಡು ಬನ್ನಿ ವಿಜಿ. ನಿಧಾನಕ್ಕೆ ಬನ್ನಿ."