ಹನ್ನೆರಡು ಗಂಟೆಯ ದಾರಿ, ಹನ್ನೊಂದು ಗಂಟೆಯ ಸೊಪ್ಪು

ದೆವ್ವ, ಗಾಳಿ, ಸೋಂಕು ಇವನ್ನೆಲ್ಲ ನಾನು ನಂಬಿದವನಲ್ಲ. ಲೈನ್‌ಮನ್ ಕೆಲಸದಲ್ಲಿ ಮಸಣದ ಪಕ್ಕದ ಕಂಬಗಳನ್ನು ಎಷ್ಟು ಸಲ ಹತ್ತಿಳಿದಿದ್ದೇನೋ ಲೆಕ್ಕವಿಲ್ಲ. ಅಲ್ಲಿ ನನ್ನನ್ನು ಹೆದರಿಸಿದ್ದು ಕಣಜದ ಗೂಡು ಮಾತ್ರ. ಅಂಥ ಕಥೆ ಹೇಳುವವರನ್ನು ಎದುರಿಗೇ ಆಡಿಕೊಂಡು ನಕ್ಕಿದ್ದೇನೆ. ಈಗ ನನ್ನದನ್ನು ಹೇಳುತ್ತೇನೆ, ನೀವು ನಕ್ಕರೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಸಾತನೂರಿನ ಹತ್ತಿರ ನಮ್ಮದೊಂದು ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ರೇಷ್ಮೆ ಹುಳ ಸಾಕುವ ಮನೆ. ಹುಳದ ಯಜಮಾನಿ ನನ್ನ ಹೆಂಡತಿ ಜಯಮ್ಮ. ನಾನು ಸೊಪ್ಪು ಹೊರುವ ಆಳು. ಅವಳ ತಂಗಿ ಸಿಡ್ನಿಯಲ್ಲಿ ನರ್ಸ್. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಜಯಮ್ಮನೇ. ಬಾಣಂತನಕ್ಕೆ ಹೋಗಲೇಬೇಕಾಯಿತು. ಹೊರಡುವ ದಿನ ಬಂದದ್ದು ಸರಿಯಾಗಿ ಹುಳ ನಾಲ್ಕನೇ ಸಲ ಪೊರೆ ಬಿಡುವ ಜ್ವರದಿಂದ ಎದ್ದು ಹಗಲೂ ರಾತ್ರಿ ಮೇಯುವ ಹೊತ್ತಿಗೆ.

"ಎಷ್ಟು ದೂರ ಆಯ್ತದೆ?" ಅಂದಳು.

"ಬೆಂಗಳೂರಿಂದ ಒಂಬತ್ತು ಸಾವಿರ ಕಿಲೋಮೀಟ್ರಿಗೂ ಜಾಸ್ತಿ. ಹನ್ನೆರಡು ಗಂಟೆ ಹಾರ್ಬೇಕು."

ಅವಳು ಬೆರಳು ಮಡಚಿದಳು. "ಅಂದ್ರೆ ನಾನ್ ಇಳಿಯೋದ್ರೊಳಗೆ ನೀವು ಎಲ್ಡ್ ಸತಿ ಸೊಪ್ಪಾಕ್ಬೇಕು. ಹನ್ನೊಂದ್ ಗಂಟೆದು ಮರೀಬ್ಯಾಡಿ ಕಣಿ."

ಹೊರಗಿನವರು ಕಾಲಿಟ್ಟರೆ ಹುಳಕ್ಕೆ ರೋಗ ತಗಲುತ್ತದೆಂದು ಯಾರಿಗೂ ಒಪ್ಪಿಸಲಿಲ್ಲ. ಬಾಗಿಲಲ್ಲಿ ಸುಣ್ಣದ ಪುಡಿ ಹರಡಿ, ಬೀಗ ಹಾಕಿ ಹೊರಟೆವು. ಅವಳ ವಿಮಾನ ಬೆಳಗಿನ ಒಂಬತ್ತಕ್ಕೆ. ಆರಕ್ಕೇ ಅವಳು ಏರ್‌ಪೋರ್ಟಿನ ಒಳಗೆ ಹೋದದ್ದೇ ತಡ, ನಾನು ಊರಿನ ದಾರಿ ಹಿಡಿದೆ. ಹತ್ತಕ್ಕೆ ಮನೆ ತಲುಪಿ, ಚಪ್ಪಲಿ ಬಿಡಲು ಜಗಲಿಯ ಮೇಲೆ ಕೂತವನು ಹಾಗೇ ಮಲಗಿಬಿಟ್ಟೆ.

ಎಚ್ಚರವಾದಾಗ ಮೂರು ಗಂಟೆ. ಹನ್ನೊಂದರ ಸೊಪ್ಪು ತಪ್ಪಿಹೋಗಿತ್ತು. ಜೇಬಿನಿಂದ ಬೀಗದ ಕೈ ತೆಗೆದು ಓಡಿ ಬಾಗಿಲು ತೆರೆದೆ. ಒಳಗೆ ಹುಳ ಮೇಯುವ ಸದ್ದು. ಹುಳದ ಅಟ್ಟಣಿಗೆಯ ಎಲ್ಲ ಅಂಕಣಗಳಲ್ಲೂ ಹೊಸ ಸೊಪ್ಪಿತ್ತು. ಅದೂ ಸೊಪ್ಪಿನ ಒಂದು ಕಡ್ಡಿಯ ತುದಿ ಈ ಕಡೆ, ಮುಂದಿನದರ ತುದಿ ಆ ಕಡೆ. ಹಾಗೆ ಜೋಡಿಸುವವಳು ಜಯಮ್ಮ ಒಬ್ಬಳೇ. ನಾನು ಎಸೆದು ಹೋಗುತ್ತೇನೆ, ಅವಳು ಬೈದುಕೊಂಡು ಸರಿಮಾಡುತ್ತಾಳೆ.

ನಿದ್ದೆಗಣ್ಣಿನಲ್ಲಿ ನೀನೇ ಹಾಕಿದ್ದೀಯ ಎನ್ನುತ್ತೀರಿ. ನಾನೂ ಹಾಗೆಂದುಕೊಂಡೇ ಬಾಗಿಲಿಗೆ ಬಂದು ನೋಡಿದೆ. ಸುಣ್ಣದಲ್ಲಿದ್ದದ್ದು ಆಗ ತಾನೇ ಒಳಗೆ ಬಂದ ನನ್ನ ಹೆಜ್ಜೆಗಳು ಮಾತ್ರ.

ಆಗ ನೆನಪಾಯಿತು. ದೂರದಲ್ಲಿರುವ ಒಬ್ಬರು ಇಲ್ಲಿ ಬಂದು ಹೋದ ಹಾಗೆ ಕಂಡರೆ, ಆ ಜೀವ ಹೋಗಿದೆ ಎಂದೇ ನಮ್ಮ ಕಡೆ ಅರ್ಥ. ಎಷ್ಟು ಸಲ ನಕ್ಕಿದ್ದೆನೋ ಆ ಮಾತಿಗೆ! ಮೊಬೈಲಿನಲ್ಲಿ ವಿಮಾನ ಹುಡುಕಿದೆ. ಸಮುದ್ರದ ಮೇಲೆ, ಅರ್ಧ ದಾರಿಯಲ್ಲಿ, ಒಂದು ಸಣ್ಣ ಗುರುತು. ಇನ್ನೂ ಆರು ಗಂಟೆಯ ಪ್ರಯಾಣ. ಆ ಆರು ಗಂಟೆ ನಾನು ಹುಳದ ಮನೆ ಬಿಟ್ಟು ಕದಲಲಿಲ್ಲ. ಮೂವತ್ತು ವರ್ಷದಲ್ಲಿ ಅವಳಿಗೆ ಒಂದು ಒಳ್ಳೆಯ ಮಾತು ಆಡಿದ್ದು ನೆನಪಾಗಲಿಲ್ಲ. ಸಂಜೆಯ ಸೊಪ್ಪನ್ನು ಅವಳ ಹಾಗೆಯೇ ಒಂದೊಂದೇ ಕಡ್ಡಿ ಜೋಡಿಸಿ ಹಾಕಿದೆ. ಅವಳು ಬದುಕಿ ಇಳಿದರೆ ಸಾಕಿತ್ತು.

ರಾತ್ರಿ ಹತ್ತು ಗಂಟೆಗೆ ತಂಗಿಯ ಫೋನಿನಿಂದ ಕರೆ ಬಂತು. "ಇಳ್ದೆ ಕಣಿ," ಅಂದಳು. ನನಗೆ ಅಳು ತಡೆಯಲಾಗಲಿಲ್ಲ.

"ಯಾಕಿಂಗ್ ಅಳ್ತೀರಿ? ಹನ್ನೊಂದ್ ಗಂಟೆ ಸೊಪ್ಪು ಆಯ್ತಾ?"

"ಆಯ್ತು."

ಅವಳು ಮೆಲ್ಲಗೆ ಕೇಳಿದಳು: "ನೀವಾ ಹಾಕಿದ್ದು?"

ಹೂಂ ಅಂದೆ. ಅವಳು ವಾಪಸು ಬಂದ ಮೇಲೆ ಎಷ್ಟೋ ಬೆಳೆ ತೆಗೆದಿದ್ದೇವೆ. ಹಾಗೆ ಯಾಕೆ ಕೇಳಿದೆ ಎಂದು ಅವಳನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.