ಗಾರೆ ಸಂಘದ ಹುಣಸೆಬೀಜ

ಎಪ್ಪತ್ತರ ದಶಕದ ಕೊನೆಯ ಮಧುಗಿರಿಯಲ್ಲಿ ‘ಮಧ್ಯಾಹ್ನ ಲಾಡ್ಜಿಗೆ ಹೋಗಬೇಕು’ ಅಂತ ಯಾವನಾದರೂ ಮರ್ಯಾದಸ್ಥ ಬಾಯಿಬಿಟ್ಟರೆ ಕೇಳಿದವರು ಮೊದಲು ಆಚೀಚೆ ನೋಡುತ್ತಿದ್ದರು. ಲಾಡ್ಜ್ ಅಂದರೆ ಬಸ್‌ಸ್ಟ್ಯಾಂಡಿನ ಎದುರು ರೂಮು ಬಾಡಿಗೆಗೆ ಕೊಡುವ ಜಾಗ, ಊರಲ್ಲೇ ಮನೆಯಿದ್ದವನು ಅಲ್ಲಿಗೆ ಹೋಗುತ್ತಾನೆಂದರೆ ಏನೋ ಮಸಲತ್ತು ಇರಲೇಬೇಕು, ಇಷ್ಟು ನಮ್ಮ ಸೀಮೆಯ ತಿಳಿವಳಿಕೆ. ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಮದುವೆಯಾಗದವನು, ಪ್ರತಿ ತಿಂಗಳ ಎರಡನೇ ಶನಿವಾರ ಕಪ್ಪು ಕೋಟು ತೊಟ್ಟು ಕಂಕುಳಲ್ಲಿ ಚಪ್ಪಟೆ ಪೆಟ್ಟಿಗೆಯೊಂದನ್ನು ಇರುಕಿಕೊಂಡು ಲಾಡ್ಜಿಗೆ ಹೋಗುವವನು. ನನಗೆ ಹೆಣ್ಣು ಕೊಡಲು ಬಂದವರು ಊರಲ್ಲಿ ವಿಚಾರಿಸಿಕೊಂಡು ಸದ್ದಿಲ್ಲದೆ ಯಾಕೆ ಬಸ್ಸು ಹತ್ತುತ್ತಿದ್ದರು ಅನ್ನುವುದು ಬಹಳ ತಡವಾಗಿ ಹೊಳೆಯಿತು. ಪೆಟ್ಟಿಗೆಯಲ್ಲಿ ಏನಿದೆ ಎಂದರೆ ಹೇಳುವ ಹಾಗಿರಲಿಲ್ಲ, ಅದು ಗುಟ್ಟು. ಇದ್ದದ್ದು ಒಂದು ಬಿಳಿ ಚರ್ಮದ ಏಪ್ರನ್ನು.

ನಮ್ಮದು ಫ್ರೀಮೇಸನ್ನರ ಲಾಡ್ಜು. ಹಿಂದಿನ ಕಾಲದ ಕಲ್ಲುಕುಟಿಗರ ಸಾಮಾನುಗಳಾದ ಮೂಲೆಮಟ್ಟ, ತೂಗುಗುಂಡು, ಕರಣೆಗಳನ್ನು ಗುರುತಾಗಿಟ್ಟುಕೊಂಡು, ಒಬ್ಬರನ್ನೊಬ್ಬರು ಬ್ರದರ್ ಎಂದು ಕರೆದುಕೊಂಡು, ಒಳ್ಳೆಯ ಮನುಷ್ಯರಾಗಲು ಹೊರಟವರ ಕೂಟ. ಮೇಸನ್ ಅಂದರೆ ಗಾರೆಯವನು ಅಂತ ಯಾರೋ ಡಿಕ್ಷನರಿ ನೋಡಿ ಊರಿಗೆ ಹೇಳಿದ್ದರಿಂದ ನಮಗೆ ‘ಗಾರೆ ಸಂಘ’ ಅಂತಲೇ ಹೆಸರು ಬಿತ್ತು. ಬಚ್ಚಲು ಸೋರುತ್ತದೆ, ಒಬ್ಬ ಆಳು ಕಳಿಸಿ ಅಂತ ಒಂದಿಬ್ಬರು ಬಂದು ಕೇಳಿದ್ದೂ ಉಂಟು. ಆದರೆ ನಮ್ಮ ಹನ್ನೆರಡು ಜನರಲ್ಲಿ ಗಾರೆ ಕಲಸಲು ಬರುವವನು ಒಬ್ಬನೂ ಇರಲಿಲ್ಲ. ಪೀಠದ ಮೇಲೆ ಕೂರುವ ಮಾಸ್ಟರ್ ಊರಿನ ಡಾಕ್ಟರು. ಸಿರಾದಿಂದ ಮರದ ಡಿಪೋ ಸಾಹೇಬರು, ಪಾವಗಡದಿಂದ ಎಣ್ಣೆ ಮಿಲ್ಲಿನವರು, ಕೊರಟಗೆರೆಯಿಂದ ವಕೀಲರು. ಇವರೆಲ್ಲರಿಗಿಂತ ಹಿರಿಯರು, ಕಣ್ಣಿಗೆ ಪೊರೆ ಬಂದ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಒಬ್ಬ ರಿಟೈರ್ಡ್ ಅಮಲ್ದಾರರು. ಕೈಬರಹ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಸೆಕ್ರೆಟರಿ ಮಾಡಿದ್ದರು.

ಲೋಕದ ಎಲ್ಲ ಕಡೆ ಲಾಡ್ಜು ಕೂಡುವುದು ದೀಪ ಹಚ್ಚಿದ ಮೇಲಂತೆ. ನಮ್ಮದು ಮಧ್ಯಾಹ್ನ ಮೂರಕ್ಕೆ, ಏಕೆಂದರೆ ಪಾವಗಡದವರಿಗೆ ಕೊನೆಯ ಬಸ್ಸು ತಪ್ಪಬಾರದು. ಬಾಗಿಲಾಚೆ ಒಬ್ಬ ಬ್ರದರ್ ಕತ್ತಿ ಹಿಡಿದು ಕಾವಲು ನಿಲ್ಲಬೇಕೆಂಬುದು ನಿಯಮ. ಕತ್ತಿ ಎಲ್ಲಿಂದ ತರೋಣ? ಪೌರಾಣಿಕ ನಾಟಕಗಳಿಗೆ ಡ್ರೆಸ್ಸು ಬಾಡಿಗೆ ಕೊಡುವ ಅಂಗಡಿಯಿಂದ ತರುತ್ತಿದ್ದೆವು. ಊರಲ್ಲಿ ಕುರುಕ್ಷೇತ್ರ ಆಡಿಸುವ ತಿಂಗಳು ಕತ್ತಿ ದುರ್ಯೋಧನನಿಗೆ ಹೋಗುತ್ತಿತ್ತು, ನಮ್ಮ ಕಾವಲುಗಾರ ಛತ್ರಿ ಹಿಡಿದು ನಿಲ್ಲುತ್ತಿದ್ದ. ಪಾವಗಡದವರು ಎಲ್ಲರಿಗೂ ‘ಬ್ರದರ್‌ಗಾರು’ ಅನ್ನುತ್ತಿದ್ದರು, ಸಿರಾದವರು ‘ಬ್ರದರ್ ಸಾಹೇಬ್’ ಅನ್ನುತ್ತಿದ್ದರು. ಸಭೆ ಮುಗಿದ ಮೇಲೆ ಊಟ: ಮುದ್ದೆ, ಕೋಳಿಸಾರು, ಅಮಲ್ದಾರರಿಗೆ ಮಾತ್ರ ಬಸ್ಸಾರು. ಊಟದ ನಡುವೆ ಎದ್ದುನಿಂತು ಗ್ಲಾಸು ಎತ್ತಿ ಲೋಕದ ಸೋದರರಿಗೆಲ್ಲ ಶುಭ ಕೋರಬೇಕಿತ್ತು. ನಮ್ಮ ಗ್ಲಾಸಿನಲ್ಲಿ ಗೋಲಿ ಸೋಡಾ, ಕೈತುಂಬ ಮುದ್ದೆ. ಲೋಕದ ಸೋದರರು ಹೇಗೋ ಸುಖವಾಗಿಯೇ ಇದ್ದರು.

ಇವರನ್ನೆಲ್ಲ ನೋಡಿ ನಾನು ಒಳಗೊಳಗೇ ನಗುತ್ತಿದ್ದೆ. ಡಾಕ್ಟರು ತೂಗುಗುಂಡನ್ನು ಎತ್ತಿ ಹಿಡಿದು ‘ನಮ್ಮ ನಡತೆಯೂ ಹೀಗೆ ನೆಟ್ಟಗಿರಲಿ’ ಎಂದು ಗಂಭೀರವಾಗಿ ಹೇಳುವಾಗ ಅವರ ಬೆನ್ನಹಿಂದಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿರುತ್ತಿತ್ತು. ಆ ಬಾಡಿಗೆ ಹಾಲಿನ ಗೋಡೆ ಒಂದು ಮಳೆಗಾಲದಲ್ಲಿ ಇನ್ನು ಬಿದ್ದೇಬಿಡುತ್ತದೆ ಅನ್ನಿಸಿದಾಗ ರಿಪೇರಿಗೆಂದು ಮೇಸ್ತ್ರಿಯೊಬ್ಬರನ್ನು ಕರೆಸಿದರು.

ಬಂದವರನ್ನು ನೋಡಿ ನನ್ನ ನಗು ನಿಂತುಹೋಯಿತು.

ಕಾರಣ ಹೇಳಿಬಿಡುತ್ತೇನೆ. ನಮ್ಮೂರು ಕೊಳಾಲದ ಕಡೆ. ಅಪ್ಪ ಬೇಗ ತೀರಿಕೊಂಡ. ಅವ್ವ ಈ ಮೇಸ್ತ್ರಿಯ ಕೈಕೆಳಗೆ ಗಾರೆ ಬಾಂಡ್ಲಿ ಹೊತ್ತು ನನ್ನನ್ನು ಓದಿಸಿದಳು. ಕೆಲಸದ ಜಾಗದ ಹುಣಸೆಮರಕ್ಕೆ ಸೀರೆಯ ಜೋಲಿ ಕಟ್ಟಿ ನನ್ನನ್ನು ಮಲಗಿಸುತ್ತಿದ್ದಳಂತೆ, ಅತ್ತರೆ ತೂಗುತ್ತಿದ್ದವರು ಮೇಸ್ತ್ರಿಯೇ. ಅಂದಿನಿಂದಲೂ ನಾನು ಅವರಿಗೆ ‘ಲೇ ಮರಿ’. ಬಿ.ಎ. ಆದಾಗಲೂ ಲೇ, ಮೇಷ್ಟ್ರಾದಾಗಲೂ ಲೇ. ಲಾಡ್ಜಿನಲ್ಲಿ ಮಾತ್ರ ನಾನು ನಮ್ಮ ತಂದೆ ಶಾನುಭೋಗರ ಹತ್ತಿರ ಬರವಣಿಗೆಗೆ ಇದ್ದರು ಅಂತ ಹೇಳಿಕೊಂಡಿದ್ದೆ. ಅವ್ವನ ವಿಷಯ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅವತ್ತು ಮೇಸ್ತ್ರಿ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕರು, ಮಾತಾಡಿಸಲಿಲ್ಲ. ಗೋಡೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ನಮ್ಮ ಪವಿತ್ರ ಸಾಮಾನುಗಳನ್ನು ನೋಡಿದರು.

“ಸ್ವಾಮಿ, ಗುಂಡ ಇಲ್ಲೇ ಮಡೀಕಂಡಿದೀರಲ್ಲ, ಒಂದ್ಸಲ ಗೋಡೆಗೆ ಹಿಡಿದು ನೋಡಬಾರ್ದಾಗಿತ್ತಾ? ಅಂಗೈಯಗಲ ವಾಲೈತೆ.”

ಡಾಕ್ಟರು ಗಂಟಲು ಸರಿಮಾಡಿಕೊಂಡರು. ಇವು ಗೋಡೆಗಲ್ಲ, ಮನುಷ್ಯನನ್ನು ನೆಟ್ಟಗೆ ಮಾಡಲು ಇಟ್ಟುಕೊಂಡ ಗುರುತುಗಳು, ಇಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ಎಲ್ಲರೂ ಒಂದೇ ಮಟ್ಟ ಅಂತ ವಿವರಿಸಿದರು. ಮೇಸ್ತ್ರಿ ಶ್ರದ್ಧೆಯಿಂದ ಕೇಳಿಸಿಕೊಂಡರು.

“ಅಂಗಾರೆ ನನ್ನೂ ಸೇರಿಸ್ಕಳಿ ಸ್ವಾಮಿ. ನಲವತ್ತು ವರ್ಷದಿಂದ ಮಂದಿ ಗೋಡೆ ನೆಟ್ಟಗೆ ಮಾಡ್ಕಂಡು ಬಂದೆ, ನಾನೇ ಒಂಚೂರು ಸೊಟ್ಟಕ್ಕೆ ಉಳ್ಕಂಬುಟ್ಟೆ.”

ಎಲ್ಲರೂ ನಕ್ಕರು. ಮೇಸ್ತ್ರಿ ತಮಾಷೆಗೆ ಹೇಳಿರಲಿಲ್ಲ. ವಾರದೊಳಗೆ ನಮ್ಮ ಮನೆಗೆ ಬಂದು ಜಗಲಿಯ ಮೇಲೆ ಕೂತರು. “ಲೇ ಮರಿ, ಆ ಸಂಘಕ್ಕೆ ಸೇರಾಕೆ ಏನೋ ಫಾರಂ ಐತಂತಲ್ಲ, ಅದಕ್ಕೆ ನೀನೇ ಸಹಿ ಹಾಕ್ಬುಡು. ನಮ್ ಕಸುಬಿನ ಸಾಮಾನಿಗೆ ದೊಡ್ಡ ಮನುಷ್ಯರು ಕೈಮುಗಿಯೋದ ನೋಡಿ ನಂಗೆ ಹೆಂಗಾಯ್ತು ಗೊತ್ತೇನ್ಲಾ? ಒಂದು ದಿವ್ಸನಾದ್ರೂ ಅವರ ಜೊತೇಲಿ ಕೂತು ಎದ್ದು ಬರಬೇಕು ಕಣ್ಲಾ.”

ಅವ್ವ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು, ಸೆಕ್ರೆಟರಿಯಾದವನು ಸಹಿ ಹಾಕುವ ಹಾಗಿಲ್ಲ ಅಂತ ಹಸಿ ಸುಳ್ಳು ಹೇಳಿದೆ. ಮೇಸ್ತ್ರಿ ನಂಬಿದರು. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ಯಾರೂ ಸಹಿ ಹಾಕುವುದಿಲ್ಲ, ವಿಷಯ ತಾನಾಗಿಯೇ ತಣ್ಣಗಾಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಆದರೆ ಅಮಲ್ದಾರರು ಸಹಿ ಹಾಕಿದರು. ಆಳುಕಾಳನ್ನು ನೆಟ್ಟಗೆ ಮಾತಾಡಿಸದ ಮನುಷ್ಯ! “ಏನ್ರೀ, ದಿನಾ ಗಿಳಿಪಾಠದ ಥರ ಒಂದೇ ಮಟ್ಟ ಒಂದೇ ಮಟ್ಟ ಅಂತೀವಿ. ನಿಜವಾದ ಮಟ್ಟಗೋಲು ಹಿಡಿದವನು ಬಂದಿದ್ದಾನೆ, ಬೇಡ ಅನ್ನೋಕಾಗುತ್ತಾ?” ಅಂತ ನನ್ನ ಮೇಲೇ ರೇಗಿ ಫಾರಂ ಕೊಟ್ಟರು.

ಹೊಸಬರನ್ನು ಸೇರಿಸಿಕೊಳ್ಳಲು ನಮ್ಮಲ್ಲಿ ಗುಟ್ಟಿನ ಓಟು. ಒಂದು ಮರದ ಪೆಟ್ಟಿಗೆ, ಅದಕ್ಕೆ ಕೈ ತೂರುವಷ್ಟು ತೂತು. ಬೇಕು ಅನ್ನುವವರು ಬಿಳಿ ಗುಂಡು, ಬೇಡ ಅನ್ನುವವರು ಕರಿ ಗುಂಡು ಹಾಕಬೇಕು. ಒಂದೇ ಒಂದು ಕರಿ ಬಿದ್ದರೂ ಬಂದವನು ಬಂದ ದಾರಿ ಹಿಡಿಯಬೇಕು. ಮೂಲದ ಗುಂಡುಗಳನ್ನು ಇಲಿಗಳು ಎಳೆದುಕೊಂಡು ಹೋಗಿ ವರ್ಷಗಳಾಗಿದ್ದವು. ಅದಕ್ಕೇ ಬಿಳಿಗೆ ಅವರೆಕಾಳು, ಕರಿಗೆ ಹುಣಸೆಬೀಜ ಅಂತ ಮಾಡಿಕೊಂಡಿದ್ದೆವು. ನಮ್ಮ ಸೀಮೆಯಲ್ಲಿ ಎರಡಕ್ಕೂ ಬರವಿಲ್ಲ. ಪ್ರತಿಯೊಬ್ಬರಿಗೂ ಒಂದು ಅವರೆಕಾಳು, ಒಂದು ಹುಣಸೆಬೀಜ ಹಂಚುವುದು ಸೆಕ್ರೆಟರಿಯ ಕೆಲಸ.

ಆ ಶನಿವಾರ ನಾನೇ ಹಂಚಿದೆ. ಒಬ್ಬೊಬ್ಬರಾಗಿ ಹೋಗಿ ಕೈ ತೂರಿಸಿ ಬಂದರು. ಅಮಲ್ದಾರರನ್ನು ಕೈಹಿಡಿದು ಪೆಟ್ಟಿಗೆಯ ಹತ್ತಿರ ಬಿಟ್ಟೆ. ಕೊನೆಯದು ನನ್ನ ಸರದಿ. ಮುಂದಿನ ತಿಂಗಳು ಮೇಸ್ತ್ರಿ ಬಿಳಿ ಏಪ್ರನ್ನು ಕಟ್ಟಿಕೊಂಡು ಬರುವುದು, ಮುದ್ದೆ ಮುರಿಯುತ್ತ “ಲೇ ಮರಿ, ನಿಮ್ಮವ್ವ ಬಾಂಡ್ಲಿ ಹೊತ್ತಂಗೆ ಇನ್ಯಾರೂ ಹೊರಲಿಲ್ಲ ಬುಡು” ಅಂತ ಡಾಕ್ಟರು, ವಕೀಲರ ಮುಂದೆ ಪ್ರೀತಿಯಿಂದಲೇ ಹೇಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ಬೆರಳುಗಳ ನಡುವೆ ಎರಡೂ ಇದ್ದವು. ಅವರೆಕಾಳನ್ನು ಜೇಬಿಗೆ ಬಿಟ್ಟೆ.

ಡಾಕ್ಟರು ಪೆಟ್ಟಿಗೆ ತೆರೆದರು. ಹನ್ನೊಂದು ಅವರೆಕಾಳು, ಒಂದು ಹುಣಸೆಬೀಜ.

ನಾನು ತಿಂಗಳು ತಿಂಗಳು ಒಳಗೊಳಗೇ ಗೇಲಿ ಮಾಡಿದ ಹನ್ನೊಂದು ಜನ. ಸೋಡಾ ಗ್ಲಾಸು ಎತ್ತುವವರು, ಛತ್ರಿ ಹಿಡಿದು ಕಾವಲು ನಿಲ್ಲುವವರು. ಅಷ್ಟೂ ಜನ ಆ ಮನುಷ್ಯನನ್ನು ಬಾ ಅಂದಿದ್ದರು. ನನಗೆ ನಾಚಿಕೆಯಾಯಿತು. ಆದರೂ ಮಿನಿಟ್ಸ್ ಪುಸ್ತಕದಲ್ಲಿ ‘ಒಂದು ಕರಿ’ ಅಂತ ದುಂಡಗೆ ಬರೆದೆ.

ಅಷ್ಟರಲ್ಲಿ ಅಮಲ್ದಾರರು ಎದ್ದುನಿಂತರು. ಮುಖ ಬಿಳಿಚಿಕೊಂಡಿತ್ತು. “ಬ್ರದರ್ಸ್, ಇದು ನನ್ನದೇ. ಕಣ್ಣು ಮಂಜು. ಅವರೆ ಅಂದುಕೊಂಡು ಆ ಹಾಳು ಹುಣಸೆಬೀಜ ಹಾಕಿರಬೇಕು. ಇನ್ನೊಂದು ಸಲ ಓಟು ಮಾಡಿ.” ಡಾಕ್ಟರು ನಿಯಮದ ಪುಸ್ತಕ ತಿರುವಿ, ಹಾಗೆ ಮಾಡುವಂತಿಲ್ಲ ಬ್ರದರ್ ಅಂದರು. ಮುದುಕರು ಕುರ್ಚಿಯ ಮೇಲೆ ಕುಸಿದು ಕೂತರು. ಅವತ್ತು ಬಸ್ಸಾರನ್ನೂ ಮುಟ್ಟಲಿಲ್ಲ. ನನ್ನದು ಅಂತ ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ.

ಸುದ್ದಿ ತಿಳಿಸುವುದೂ ಸೆಕ್ರೆಟರಿಯ ಕೆಲಸವೇ. ನಾಲ್ಕು ದಿನ ಮುಂದೂಡಿ ಐದನೇ ದಿನ ಮಧ್ಯಾಹ್ನ ಹೋದೆ. ಮೇಸ್ತ್ರಿ ಒಂದು ಛತ್ರದ ಮೆಟ್ಟಿಲು ಕಟ್ಟುತ್ತಿದ್ದರು. ನನ್ನನ್ನು ಕಂಡು ಕರಣೆ ಕೆಳಗಿಟ್ಟರು.

“ಬನ್ನಿ ಸ್ವಾಮಿ.”

ನಾನು ಹಿಂದಕ್ಕೆ ತಿರುಗಿ ನೋಡಿದೆ, ಯಾವ ಸ್ವಾಮಿ ಬಂದರೋ ಅಂತ. ಯಾರೂ ಇರಲಿಲ್ಲ.

“ಅಮಲ್ದಾರ್ರು ಬಂದಿದ್ರು ಸ್ವಾಮಿ. ಕಣ್ಣು ಕಾಣ್ದೆ ಕೈ ತಪ್ಪೋಯ್ತು ಅಂತ ನಂಗೆ ಕೈ ಮುಗಿದ್ರು. ಪಾಪ, ದೊಡ್ಡ ಜೀವ. ಕಣ್ಣಿಗೆ ಕಾಣ್ದಿದ್ರೆ ಬೆರಳಿಗೆ ಗೊತ್ತಾಗಕಿಲ್ವಾ ಸ್ವಾಮಿ, ಹುಣಸೆಬೀಜ ಯಾವ್ದು ಅವರೆಕಾಳು ಯಾವ್ದು ಅಂತ? ನಾನೇನೂ ಅನ್ನಾಕೆ ಹೋಗ್ಲಿಲ್ಲ.”

ಹೌದು, ಆ ಎರಡರ ವ್ಯತ್ಯಾಸ ಬೆರಳಿಗೆ ತಿಳಿಯದ ಮನುಷ್ಯ ಮಧುಗಿರಿ ಸೀಮೆಯಲ್ಲಿ ಹುಟ್ಟಿಯೇ ಇಲ್ಲ. ನಾನು ತಲೆ ತಗ್ಗಿಸಿದೆ. ಮೇಸ್ತ್ರಿ ಒಂದು ಇಟ್ಟಿಗೆ ಎತ್ತಿ ಅದರ ಧೂಳು ಒರೆಸುತ್ತ ನಿಂತರು.

“ಆ ಶನಿವಾರಕ್ಕೆ ಮುಂಚೇನೇ ನಿಮ್ಮವ್ವ ಬಂದಿದ್ಲು. ಅಣ್ಣ, ನಾಕು ಜನದ ಮುಂದೆ ನನ್ನ ಮಗನ್ನ ಲೇ ಅನ್ನಬ್ಯಾಡ, ನಾನು ಗಾರೆ ಹೊತ್ತ ಸುದ್ದಿ ಎತ್ತಬ್ಯಾಡ, ಅವನಿಗೆ ಸಂಕೋಚ ಆಯ್ತದೆ ಅಂದ್ಲು. ಆಯ್ತು ಬುಡು ಕಣಮ್ಮ ಅಂದೆ. ಅಲ್ಲಿ ಒಬ್ರನ್ನೊಬ್ರು ಏನಂತ ಕರೀತಾರೆ ಅಂತ ಅಮಲ್ದಾರ್ರನ್ನೇ ಕೇಳಿ ತಿಳ್ಕಂಡೆ. ಬ್ರದರ್ ಅಂತೆ. ನಾಲಿಗೆ ತಿರುಗ್ತಿರಲಿಲ್ಲ. ಗೋಡೆ ಕಟ್ತಾ ಕಟ್ತಾ ಬ್ರದರ್ ಬ್ರದರ್ ಅಂತ ಅಂದ್ಕಂಡು ರೂಢಿ ಮಾಡ್ಕಂಡಿದ್ದೆ ಸ್ವಾಮಿ. ಆಳುಗಳೆಲ್ಲ ನಗಾಡೋವು.”

ನನಗೆ ಅಳು ಬಂತು. “ಲೇ ಅನ್ನಿ ಮೇಸ್ತ್ರಿ, ಒಂದ್ಸಲ ಅನ್ನಿ” ಅಂತ ಕೇಳಿಕೊಂಡೆ.

“ಅಯ್ಯೋ, ಬುಡಿ ಸ್ವಾಮಿ,” ಅಂದು ಕರಣೆ ಎತ್ತಿಕೊಂಡರು.

ಎಂಬತ್ತರ ದಶಕದಲ್ಲಿ ನಾನು ಮನೆ ಕಟ್ಟಿಸಿದೆ. ಕಟ್ಟಿದ್ದು ಅವರೇ, ಒಂದು ಗೋಡೆಯೂ ಇವತ್ತಿಗೂ ವಾಲಿಲ್ಲ. ಪಾಯ ತೆಗೆದ ದಿನದಿಂದ ಗೃಹಪ್ರವೇಶದ ಊಟದವರೆಗೂ ಅವರು ಅವ್ವನನ್ನು ಹೆಸರು ಹಿಡಿದು ಕೂಗಿದರು, ನನ್ನನ್ನು ಸ್ವಾಮಿ ಅಂದರು.